ಮೂರು ಬೆರಳಗಲದ ಎಡವಟ್ಟು

5 ಸೆಂಟಿಮೀಟರ್. ಮೂರು ಬೆರಳು ಜೋಡಿಸಿ ಹಿಡಿದ್ರೆ ಎಷ್ಟೋ, ಹೆಚ್ಚುಕಮ್ಮಿ ಅಷ್ಟೇ. ಒಂದು ಒಲಿಂಪಿಕ್ಸ್ ಫೈನಲ್ ಕೆಡೋಕೆ ಅಷ್ಟು ಸಾಕಾಯ್ತು.

2000, ಸಿಡ್ನಿ. ಮಹಿಳಾ ಜಿಮ್ನಾಸ್ಟಿಕ್ಸ್ ಆಲ್‌ರೌಂಡ್ ಫೈನಲ್, ಅಂದ್ರೆ ಎಲ್ಲ ಉಪಕರಣಗಳ ಅಂಕ ಕೂಡಿಸಿ ಗೆದ್ದವರು ಯಾರು ಅಂತ ತೀರ್ಮಾನಿಸೋ ಸ್ಪರ್ಧೆ. ವಾಲ್ಟ್ ಅಂದ್ರೆ ಗೊತ್ತಲ್ಲ: ಓಡಿ ಬಂದು, ಸ್ಪ್ರಿಂಗ್ ಬೋರ್ಡ್ ಮೆಟ್ಟಿ, ಎದುರಿನ ಉಪಕರಣಕ್ಕೆ (ಆಗ ಅದು ‘ಕುದುರೆ’) ಕೈಯೂರಿ ಗಾಳಿಯಲ್ಲಿ ತಿರುಗಬೇಕು. ಆ ವೇಗದಲ್ಲಿ ಕುದುರೆ ಎಷ್ಟು ಎತ್ತರ ಇದೆ ಅಂತ ಯಾರೂ ನೋಡ್ತಾ ಕೂರಲ್ಲ. ವರ್ಷಗಟ್ಟಲೆ ಅಭ್ಯಾಸ ಮಾಡಿದ ಕೈ ತಾನಾಗೇ 125 ಸೆಂಟಿಮೀಟರ್ ಹುಡುಕುತ್ತೆ. ಅವತ್ತು ಅಲ್ಲಿದ್ದದ್ದು 120!

ಚಿನ್ನ ಗೆಲ್ಲೋ ನೆಚ್ಚಿನ ಸ್ಪರ್ಧಿ, ರಷ್ಯಾದ ಸ್ವೆಟ್ಲಾನಾ ಖೋರ್ಕಿನಾ, ಮಂಡಿಯೂರಿ ಬಿದ್ರು. ಅಮೆರಿಕದ ಎಲಿಸ್ ರೇ ಕೂಡ ಬಿದ್ರು. ಅಷ್ಟೊಂದು ಅಧಿಕಾರಿಗಳು, ತೀರ್ಪುಗಾರರು ಸುತ್ತ ಇದ್ರೂ, ಎತ್ತರ ಸರಿಯಿಲ್ಲ ಅಂತ ಬಾಯಿಬಿಟ್ಟು ಹೇಳಿದ್ದು ಒಬ್ಬ ಸ್ಪರ್ಧಿ: ಆಸ್ಟ್ರೇಲಿಯಾದ ಅಲಾನಾ ಸ್ಲೇಟರ್. ಅಳೆದು ನೋಡಿದ್ರು. ಅವರು ಹೇಳಿದ್ದೇ ನಿಜ.

ತಪ್ಪಾದ ಎತ್ತರದಲ್ಲಿ ಹಾರಿದವರಿಗೆ ಮತ್ತೊಂದು ಅವಕಾಶ ಕೊಟ್ರು. ಆದ್ರೆ ಖೋರ್ಕಿನಾಗೆ ಅದರಿಂದ ಏನು ಬಂತು? ವಾಲ್ಟ್ ಕೆಟ್ಟಿದ್ದು ತಮ್ಮದೇ ತಪ್ಪು ಅಂದ್ಕೊಂಡು ಮುಂದೆ ಹೋದವರು, ಅಷ್ಟರಲ್ಲಿ ಮುಂದಿನ ಉಪಕರಣವಾದ ಅನ್‌ಈವನ್ ಬಾರ್ಸ್‌ನಿಂದಲೂ (ಎತ್ತರ ಬೇರೆಬೇರೆ ಇರೋ ಎರಡು ಕಂಬಿ) ಜಾರಿ ಬಿದ್ದಾಗಿತ್ತು. ಅಲ್ಲಿ ಕಳೆದ ಅಂಕ ಕಳೆದಂಗೇ.

ಬಾರ್ಸ್ ಅವರ ಕೋಟೆ. ಅದೇ ಸಿಡ್ನಿಯಲ್ಲಿ, ಕೆಲವೇ ದಿನಗಳಲ್ಲಿ, ಬಾರ್ಸ್ ಚಿನ್ನ ಗೆದ್ರು. ಆಲ್‌ರೌಂಡ್ ಒಲಿಂಪಿಕ್ಸ್ ಚಿನ್ನ ಮಾತ್ರ ಅವರಿಗೆ ಕೊನೆವರೆಗೂ ಸಿಗಲಿಲ್ಲ.