ಫ್ಯೂಯೆಲ್ ಸೆಲ್‌ನಿಂದ ಮನೆಗೆ ಅಗ್ಗದ ವಿದ್ಯುತ್: ಎಷ್ಟು ನಿಜ, ಎಷ್ಟು ಆಸೆ?

ಇತ್ತೀಚೆಗೆ ಒಂದು ಭಾನುವಾರ ಬಲಿಪೂಜೆ ಮುಗಿದ ಬಳಿಕ ಗಲ್ಫ್‌ನಿಂದ ಊರಿಗೆ ಮರಳಿ ಬಂದ ಬಾಂಧವರೊಬ್ಬರು ನನ್ನನ್ನು ಭೇಟಿಯಾದರು. ಕೈಯಲ್ಲಿ ಬಣ್ಣದ ಕರಪತ್ರವೊಂದಿತ್ತು. “ಫಾದರ್, ನೀರಿನಿಂದಲೇ ಕರೆಂಟ್ ಮಾಡುವ ಯಂತ್ರವಂತೆ. ಮುಂಗಡ ಕೊಟ್ಟರೆ ಮನೆಗೆ ತಂದು ಜೋಡಿಸುತ್ತಾರಂತೆ. ಆಮೇಲೆ ಬಿಲ್ಲೇ ಇಲ್ಲ. ಹಣ ಹಾಕಬಹುದೇ?” ಎಂದು ಕೇಳಿದರು. ಬೇರೆ ಧರ್ಮಕೇಂದ್ರಗಳ ಹಣಕಾಸು ಸಮಿತಿಯ ಸದಸ್ಯರೂ ಇಂಥದೇ ಪ್ರಶ್ನೆ ಕೇಳಿದ್ದುಂಟು. ಆದ್ದರಿಂದ ಫ್ಯೂಯೆಲ್ ಸೆಲ್ ಎಂದರೇನು, ಅದು ನಮ್ಮ ಮನೆಗೆ ಹೊಂದೀತೇ ಎಂಬುದನ್ನು ಸರಳವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ಫ್ಯೂಯೆಲ್ ಸೆಲ್ ಎಂದರೇನು?

ಇದು ಹೊಸ ವಿಷಯವೇನಲ್ಲ. ವೃತ್ತಿಯಿಂದ ವಕೀಲರೂ ಆಗಿದ್ದ ವೇಲ್ಸ್ ದೇಶದ ವಿಜ್ಞಾನಿ ವಿಲಿಯಂ ಗ್ರೋವ್ 1839ರಲ್ಲಿಯೇ ಜಲಜನಕ ಮತ್ತು ಆಮ್ಲಜನಕವನ್ನು ಸೇರಿಸಿ ವಿದ್ಯುತ್ ಪಡೆಯಬಹುದೆಂದು ತೋರಿಸಿದರು. 1959ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಫ್ರಾನ್ಸಿಸ್ ಥಾಮಸ್ ಬೇಕನ್ 5 ಕಿಲೋವಾಟ್‌ನ ಘಟಕವನ್ನು ಓಡಿಸಿದರು. ಚಂದ್ರಲೋಕಕ್ಕೆ ಹೋದ ಅಪೊಲೊ ನೌಕೆಗಳಿಗೆ ವಿದ್ಯುತ್ತನ್ನೂ ಕುಡಿಯುವ ನೀರನ್ನೂ ಕೊಟ್ಟದ್ದು ಫ್ಯೂಯೆಲ್ ಸೆಲ್‌ಗಳೇ.

ಇದರಲ್ಲಿ ಎರಡು ತಟ್ಟೆಗಳ ನಡುವೆ ತೆಳುವಾದ ಒಂದು ಪೊರೆ ಇರುತ್ತದೆ. ಒಂದು ಬದಿಯಿಂದ ಜಲಜನಕ, ಇನ್ನೊಂದು ಬದಿಯಿಂದ ಗಾಳಿ ಹರಿಯುತ್ತದೆ. ಜಲಜನಕದ ಪ್ರೋಟಾನ್‌ಗಳನ್ನು ಮಾತ್ರ ಪೊರೆ ಒಳಗಿನಿಂದ ದಾಟಲು ಬಿಡುತ್ತದೆ. ಎಲೆಕ್ಟ್ರಾನ್‌ಗಳು ಹೊರಗಿನ ತಂತಿಯ ಮೂಲಕ ಸುತ್ತಿ ಹೋಗಬೇಕು. ಆ ಹರಿವೇ ವಿದ್ಯುತ್. ಕೊನೆಗೆ ಎಲ್ಲವೂ ಆಮ್ಲಜನಕದೊಂದಿಗೆ ಸೇರಿ ನೀರಾಗುತ್ತದೆ, ಜೊತೆಗೆ ಶಾಖ ಹುಟ್ಟುತ್ತದೆ. ಒಂದು ಸೆಲ್‌ನಿಂದ ಸಿಗುವುದು ಸುಮಾರು 0.7 ವೋಲ್ಟ್ ಮಾತ್ರ. ಆದ್ದರಿಂದ ಹಲವು ಸೆಲ್‌ಗಳನ್ನು ಒಂದರ ಮೇಲೊಂದು ಜೋಡಿಸುತ್ತಾರೆ. ಸದ್ದಿಲ್ಲ, ಬೆಂಕಿಯಿಲ್ಲ.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ನೆನಪಿಡಬೇಕು. ಫ್ಯೂಯೆಲ್ ಸೆಲ್‌ನಲ್ಲಿ ನೀರು ಇಂಧನವಲ್ಲ, ಅದು ಬೂದಿಯಿದ್ದ ಹಾಗೆ. ಬೂದಿಯಿಂದ ಒಲೆ ಉರಿಸಲು ಸಾಧ್ಯವಿಲ್ಲ. ನೀರಿನಿಂದ ಪುನಃ ಜಲಜನಕ ಪಡೆಯಬೇಕಾದರೆ ಹೊರಗಿನಿಂದ ವಿದ್ಯುತ್ ಕೊಡಬೇಕು.

ಲೆಕ್ಕ ಏನು ಹೇಳುತ್ತದೆ?

ನೀರಿನಿಂದ 1 ಕಿಲೋ ಜಲಜನಕ ತೆಗೆಯಲು 50 ಯೂನಿಟ್‌ಗೂ ಹೆಚ್ಚು ವಿದ್ಯುತ್ ಬೇಕು. ಆ ಒಂದು ಕಿಲೋದಲ್ಲಿ ಅಡಗಿರುವ ಶಕ್ತಿ ಸುಮಾರು 33 ಯೂನಿಟ್. ಫ್ಯೂಯೆಲ್ ಸೆಲ್ ಅದರಲ್ಲಿ ಅರ್ಧದಷ್ಟನ್ನು, ಅಂದರೆ 16 ಯೂನಿಟ್‌ನಷ್ಟನ್ನು, ವಿದ್ಯುತ್ತಾಗಿ ಹಿಂದೆ ಕೊಡುತ್ತದೆ. ಐವತ್ತು ಹಾಕಿ ಹದಿನಾರು ಪಡೆಯುವ ವ್ಯಾಪಾರವಿದು. ‘ನೀರಿನಿಂದ ಉಚಿತ ಕರೆಂಟ್’ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಬಹುದು.

ಅಡುಗೆ ಅನಿಲದಿಂದ ಜಲಜನಕ ತೆಗೆದು ವಿದ್ಯುತ್ ಮಾಡಬಹುದಲ್ಲವೇ ಎಂದು ಕೇಳುವವರಿದ್ದಾರೆ. ಮಾಡಬಹುದು. 14.2 ಕಿಲೋದ ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್ ಶಕ್ತಿಯಿದೆ. ನೂರಕ್ಕೆ 40ರಷ್ಟು ವಿದ್ಯುತ್ತಾದರೆ 72 ಯೂನಿಟ್ ಸಿಗುತ್ತದೆ. ಸಿಲಿಂಡರಿಗೆ 900 ರೂಪಾಯಿ ಎಂದಿಟ್ಟುಕೊಂಡರೆ ಒಂದು ಯೂನಿಟ್‌ಗೆ ಹನ್ನೆರಡೂವರೆ ರೂಪಾಯಿ ಬೀಳುತ್ತದೆ. ಮೆಸ್ಕಾಂ ಗೃಹಬಳಕೆಯ ದರ ಇದರ ಅರ್ಧದ ಆಸುಪಾಸಿನಲ್ಲಿದೆ. ಯಂತ್ರದ ಬೆಲೆಯನ್ನು ನಾವಿನ್ನೂ ಲೆಕ್ಕಕ್ಕೇ ಹಿಡಿದಿಲ್ಲ.

ಜಪಾನಿನಲ್ಲಿ ಹೇಗೆ ನಡೆಯಿತು?

ಹಾಗಾದರೆ ಮನೆಯ ಫ್ಯೂಯೆಲ್ ಸೆಲ್ ಬರೀ ಸುಳ್ಳೇ? ಅಲ್ಲ. ಜಪಾನಿನಲ್ಲಿ 2009ರಲ್ಲಿ ‘ಎನೆ-ಫಾರ್ಮ್’ ಎಂಬ ಹೆಸರಿನಲ್ಲಿ ಇವು ಮಾರುಕಟ್ಟೆಗೆ ಬಂದವು. ಸುಮಾರು 700 ವಾಟ್‌ನ ಘಟಕ ಮನೆಯ ಹೊರಗೋಡೆಯ ಪಕ್ಕ ನಿಲ್ಲುತ್ತದೆ. ಕೊಳವೆಯಲ್ಲಿ ಬರುವ ಅನಿಲದಿಂದ ಜಲಜನಕ ತೆಗೆದು ವಿದ್ಯುತ್ ಕೊಡುತ್ತದೆ, ಹುಟ್ಟಿದ ಶಾಖದಿಂದ ಸ್ನಾನದ ನೀರು ಕಾಯಿಸುತ್ತದೆ. ವಿದ್ಯುತ್ ಮತ್ತು ಶಾಖ ಎರಡನ್ನೂ ಬಳಸಿಕೊಂಡರೆ ಇಂಧನದ ಬಹುಪಾಲು ಸದುಪಯೋಗವಾಗುತ್ತದೆ. 2011ರ ಭೂಕಂಪ ಮತ್ತು ಸುನಾಮಿಯ ಬಳಿಕ, ಕರೆಂಟ್ ಹೋದಾಗಲೂ ಓಡುವ ಮಾದರಿಗಳು ಬಂದವು. ಈಗ ಅಲ್ಲಿ 5 ಲಕ್ಷಕ್ಕೂ ಹೆಚ್ಚು ಘಟಕಗಳನ್ನು ಅಳವಡಿಸಲಾಗಿದೆ.

ಆದರೆ ಆರಂಭದಲ್ಲಿ ಒಂದರ ಬೆಲೆ 30 ಲಕ್ಷ ಯೆನ್‌ಗೂ ಹೆಚ್ಚಿತ್ತು. ಸರ್ಕಾರವೇ 14 ಲಕ್ಷ ಯೆನ್‌ವರೆಗೆ ಸಹಾಯಧನ ಕೊಡಬೇಕಾಯಿತು. 2020ರೊಳಗೆ 14 ಲಕ್ಷ ಮನೆಗಳಿಗೆ ತಲುಪಿಸುವ ಗುರಿ ಈಡೇರಲಿಲ್ಲ. ಅಲ್ಲಿ ಚಳಿ ಹೆಚ್ಚು, ದಿನವೂ ಬಿಸಿನೀರಿನ ತೊಟ್ಟಿಯಲ್ಲಿ ಸ್ನಾನ ಮಾಡುವ ರೂಢಿಯಿದೆ, ವಿದ್ಯುತ್ ದುಬಾರಿ. ಆದ್ದರಿಂದ ಅಲ್ಲಿ ಶಾಖಕ್ಕೂ ಬೆಲೆಯಿದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಆ ಶಾಖವನ್ನು ಏನು ಮಾಡೋಣ? ಬಚ್ಚಲಿನ ಹಂಡೆಗೆ ತೆಂಗಿನ ಗರಿ, ಸಿಪ್ಪೆಗಳೇ ಸಾಕು. 2021ರ ಜನವರಿಯಲ್ಲಿ ಕೊಚ್ಚಿ–ಮಂಗಳೂರು ಅನಿಲ ಕೊಳವೆ ಮಾರ್ಗ ಉದ್ಘಾಟನೆಯಾದರೂ ಹಳ್ಳಿಹಳ್ಳಿಯ ಮನೆಗಳಿಗೆ ಕೊಳವೆ ಬಂದಿಲ್ಲ. ಸಮುದ್ರದ ಗಾಳಿಯ ಉಪ್ಪು ಫ್ಯೂಯೆಲ್ ಸೆಲ್‌ಗೆ ಒಳ್ಳೆಯದೂ ಅಲ್ಲ.

ನಮಗೆ ಯಾವ ದಾರಿ?

ದೊಡ್ಡ ಕೆಲಸಗಳಲ್ಲಿ ಫ್ಯೂಯೆಲ್ ಸೆಲ್‌ಗೆ ಭವಿಷ್ಯವಿದೆ. 2023ರಲ್ಲಿ ಕೇಂದ್ರ ಸರ್ಕಾರ ಹಸಿರು ಜಲಜನಕ ಮಿಷನ್‌ಗೆ ಒಪ್ಪಿಗೆ ನೀಡಿತು. ಕೊಚ್ಚಿನ್ ಶಿಪ್‌ಯಾರ್ಡ್ ಕಟ್ಟಿದ ಫ್ಯೂಯೆಲ್ ಸೆಲ್ ಪ್ರಯಾಣಿಕ ದೋಣಿಗೆ 2024ರ ಫೆಬ್ರವರಿಯಲ್ಲಿ ಚಾಲನೆ ದೊರೆಯಿತು. ನಮ್ಮ ಮೀನುಗಾರ ಬಾಂಧವರು ಇದನ್ನು ಗಮನಿಸುತ್ತಿರಬೇಕು.

ಮನೆಯ ಮಟ್ಟಿಗೆ ಇಂದು ಕೈಗೆಟಕುವುದು ಮಾಡಿನ ಮೇಲಿನ ಸೌರಫಲಕ. 1 ಕಿಲೋವಾಟ್ ಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ, ಮಳೆಗಾಲದಲ್ಲಿ ಕಡಿಮೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನವಿದೆ. ಇದು ವಾಸದ ಮನೆಗಳಿಗೆ. ಚರ್ಚ್, ಶಾಲೆಗಳು ತಮ್ಮ ಸ್ವಂತ ಲೆಕ್ಕದಲ್ಲಿ ಹಾಕಿಸಬೇಕು. ಬ್ಯಾಟರಿ ಇಲ್ಲದ ಸಾಮಾನ್ಯ ಸೌರ ಜೋಡಣೆ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು. ರಾತ್ರಿಗಾಗಿ ಶಕ್ತಿ ಕೂಡಿಡಲು ಬ್ಯಾಟರಿಯೇ ವಾಸಿ, ಹಾಕಿದ್ದರಲ್ಲಿ ನೂರಕ್ಕೆ 85ರಷ್ಟನ್ನಾದರೂ ಅದು ಹಿಂದೆ ಕೊಡುತ್ತದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯಿಂದ ಶೂನ್ಯ ಬಿಲ್ ಬರುತ್ತಿರುವ ಸಣ್ಣ ಮನೆಯವರು ಸಾಲ ಮಾಡಿ ಏನನ್ನೂ ಹಾಕಿಸುವ ಅವಸರ ಮಾಡಬೇಕಾಗಿಲ್ಲ.

ಯಾರಾದರೂ ಯಂತ್ರ ಮಾರಲು ಬಂದರೆ ನಾಲ್ಕು ಪ್ರಶ್ನೆ ಕೇಳಿ:

1. ಇದಕ್ಕೆ ಇಂಧನ ಯಾವುದು? ಅದು ಎಲ್ಲಿಂದ ಬರುತ್ತದೆ?
2. ಒಂದು ಯೂನಿಟ್‌ಗೆ ಎಷ್ಟು ಖರ್ಚು? ಬರಹದಲ್ಲಿ ಕೊಡುತ್ತೀರಾ?
3. ಕೆಟ್ಟರೆ ರಿಪೇರಿ ಮಾಡುವವರು ಈ ಜಿಲ್ಲೆಯಲ್ಲಿ ಯಾರು?
4. ಒಂದು ವರ್ಷದಿಂದ ಓಡುತ್ತಿರುವ ಮನೆಯೊಂದನ್ನು ತೋರಿಸುತ್ತೀರಾ?

ಉತ್ತರ ಸಿಗದಿದ್ದರೆ ಮುಂಗಡ ಕೊಡಬೇಡಿ. ಪಾಲನಾ ಮಂಡಳಿಯವರೂ ಗುರಿಕಾರರೂ ಈ ಪ್ರಶ್ನೆಗಳನ್ನು ತಮ್ಮ ತಮ್ಮ ವಾಳೆಯ ಕುಟುಂಬಗಳಿಗೆ ತಿಳಿಸಬೇಕಾಗಿ ವಿನಂತಿ.

ಸೃಷ್ಟಿಯ ಪಾಲನೆ ನಮ್ಮ ವಿಶ್ವಾಸದ ಭಾಗ. 2008ರಲ್ಲಿ, ಪೋಪ್ ಹದಿನಾರನೆಯ ಬೆನೆಡಿಕ್ಟರ ಕಾಲದಲ್ಲಿ, ವ್ಯಾಟಿಕನ್‌ನ ಆರನೆಯ ಪೌಲ್ ಸಭಾಂಗಣದ ಮಾಡಿನ ಮೇಲೆ 2,400 ಸೌರಫಲಕಗಳನ್ನು ಅಳವಡಿಸಲಾಯಿತು. ಪೋಪ್ ಫ್ರಾನ್ಸಿಸ್ 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಮನೆಯೆಂದು ಕರೆದರು. 2024ರಲ್ಲಿ ವ್ಯಾಟಿಕನ್‌ಗಾಗಿ ದೊಡ್ಡ ಸೌರ ಘಟಕ ಸ್ಥಾಪಿಸಲು ಆದೇಶವನ್ನೂ ಹೊರಡಿಸಿದರು. ಪ್ರಕೃತಿಯ ಮೇಲಿನ ಕಾಳಜಿಯೊಂದಿಗೆ ದುಡಿದ ಹಣದ ಮೇಲಿನ ಕಾಳಜಿಯೂ ಸೇರಬೇಕು. ಮರಳುಗಾಡಿನ ಬಿಸಿಲಿನಲ್ಲಿ ಬೆವರು ಸುರಿಸಿ ಉಳಿಸಿದ ಹಣ ಕರಪತ್ರವೊಂದರ ಮಾತಿಗೆ ಕರಗಬಾರದು.

ಆ ಬಾಂಧವರು ಮುಂಗಡ ಕೊಡಲಿಲ್ಲ. ಮನೆಯ ಹಿಂದಿನ ಆರು ತಿಂಗಳ ಕರೆಂಟ್ ಬಿಲ್ಲುಗಳನ್ನು ಹಿಡಿದುಕೊಂಡು ಮುಂದಿನ ಭಾನುವಾರ ಬಂದರು. ಲೆಕ್ಕ ಹಾಕಲು ಅದೇ ಸರಿಯಾದ ಆರಂಭ.

– ಸಂಪಾದಕ