ಹಳೆಯ ಅಕ್ಕಿಗೆ ಬೆಲೆ ಹೆಚ್ಚು, ಹಳೆಯ ಮೈಲುಗಳಿಗಲ್ಲ

ಸಿಂಧನೂರು, ಲಿಂಗಸುಗೂರು, ಮಸ್ಕಿ. ರಾಯಚೂರು ಜಿಲ್ಲೆಯ ಈ ಮೂರು ತಾಲ್ಲೂಕು ಕೇಂದ್ರಗಳಲ್ಲಿ ವಿಮಾನ ನಿಲ್ದಾಣವಿಲ್ಲ. ಆದರೂ ಇಲ್ಲಿನ ಎಷ್ಟೋ ಮನೆಗಳ ಮಾತುಕತೆಯಲ್ಲಿ ವಿಮಾನದ ಪ್ರಸ್ತಾಪ ಬಂದೇ ಬರುತ್ತದೆ. ಒಬ್ಬರ ಮಗ ಡಲ್ಲಾಸಿನಲ್ಲಿ, ಇನ್ನೊಬ್ಬರ ಮಗಳು ದುಬೈಯಲ್ಲಿ, ಮತ್ತೊಬ್ಬರ ಅಳಿಯ ಸಿಂಗಪುರದಲ್ಲಿ. ಕಾಲುವೆ ನೀರಿನ ಭತ್ತ ಓದಿಸಿದ ಮಕ್ಕಳು ಇಂದು ಸಾಗರದಾಚೆ ಸಂಸಾರ ಹೂಡಿದ್ದಾರೆ. ಅವರು ಊರಿಗೆ ಬರುತ್ತಾರೆ, ಅಪ್ಪ ಅಮ್ಮಂದಿರು ಬಾಣಂತನಕ್ಕೋ ಮೊಮ್ಮಕ್ಕಳ ಆರೈಕೆಗೋ ಅಲ್ಲಿಗೆ ಹೋಗುತ್ತಾರೆ.

ಹೀಗೆ ಹೋಗಿ ಬರುವ ಪ್ರತಿಯೊಂದು ಪ್ರಯಾಣದಲ್ಲೂ 'ಮೈಲು' ಎಂಬ ಒಂದು ಬಗೆಯ ಉಳಿತಾಯ ಪ್ರಯಾಣಿಕರ ಹೆಸರಿನಲ್ಲಿ ಜಮೆಯಾಗುತ್ತದೆ, ಅಥವಾ ಜಮೆಯಾಗಬಹುದಾಗಿತ್ತು. ಅನೇಕರು ಅದನ್ನು ಕೇಳುವುದೇ ಇಲ್ಲ. ಕೇಳಿ ಪಡೆದವರು 'ಇರಲಿ, ಮುಂದೆ ನೋಡೋಣ' ಎಂದು ಬಿಡುತ್ತಾರೆ. ಮುಂದೆ ನೋಡುವ ಹೊತ್ತಿಗೆ ಅದರ ಬೆಲೆ ಅರ್ಧ ಕರಗಿರುತ್ತದೆ. ಸಿಂಧನೂರಿನ ಸೋನಾ ಮಸೂರಿ ಅಕ್ಕಿ ಹಳೆಯದಾದಷ್ಟೂ ಬೆಲೆ ಏರುತ್ತದೆ. ಮೈಲುಗಳ ವ್ಯವಹಾರ ಇದಕ್ಕೆ ತದ್ವಿರುದ್ಧ. ಈ ಮೈಲುಗಳಿಂದ ಟಿಕೆಟ್ ಪಡೆಯುವುದು ಹೇಗೆ, ಯಾವಾಗ ಪಡೆಯಬೇಕು, ಯಾವಾಗ ಬೇಡ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಏನಿದು ಮೈಲು?

1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆ 'ಎಎಡ್ವಾಂಟೇಜ್' ಎಂಬ ಯೋಜನೆಯನ್ನು ಆರಂಭಿಸಿತು. ತನ್ನ ವಿಮಾನದಲ್ಲಿ ಮತ್ತೆ ಮತ್ತೆ ಪ್ರಯಾಣಿಸುವವರಿಗೆ, ಅವರು ಕ್ರಮಿಸಿದ ದೂರವನ್ನು ಲೆಕ್ಕವಿಟ್ಟು, ನಿಗದಿತ ಮೊತ್ತ ತುಂಬಿದಾಗ ಉಚಿತ ಟಿಕೆಟ್ ನೀಡುವುದು ಅದರ ಉದ್ದೇಶ. ಬೇರೆ ಸಂಸ್ಥೆಗಳೂ ಇದೇ ದಾರಿ ಹಿಡಿದವು. ಇದಕ್ಕೆ 'ಫ್ರೀಕ್ವೆಂಟ್ ಫ್ಲೈಯರ್' ಯೋಜನೆ ಎಂದು ಹೆಸರು. ಮೈಲು ಕೊಟ್ಟು ಪಡೆಯುವ ಟಿಕೆಟ್ಟಿಗೆ 'ಅವಾರ್ಡ್ ಟಿಕೆಟ್' ಎನ್ನುತ್ತಾರೆ.

ಹೆಸರು ಮೈಲು ಎಂದೇ ಉಳಿದರೂ ಇಂದು ಅನೇಕ ಸಂಸ್ಥೆಗಳು ದೂರವನ್ನು ಲೆಕ್ಕಿಸುವುದಿಲ್ಲ, ಪ್ರಯಾಣಿಕ ತೆತ್ತ ಹಣವನ್ನು ಲೆಕ್ಕಿಸುತ್ತವೆ. ಏರ್ ಇಂಡಿಯಾ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ತನ್ನ 'ಫ್ಲೈಯಿಂಗ್ ರಿಟರ್ನ್ಸ್' ಯೋಜನೆಯನ್ನು ಹೀಗೆಯೇ ಬದಲಿಸಿತು. ಅದೇ ವರ್ಷ ನವೆಂಬರ್ 12ರಂದು ವಿಸ್ತಾರ ಸಂಸ್ಥೆ ಏರ್ ಇಂಡಿಯಾದಲ್ಲಿ ವಿಲೀನವಾಯಿತು, ಅದರ ಸದಸ್ಯರ ಅಂಕಗಳೂ ಇತ್ತ ಸೇರಿದವು. 2025ರಲ್ಲಿ ಯೋಜನೆಗೆ 'ಮಹಾರಾಜ ಕ್ಲಬ್' ಎಂಬ ಹೊಸ ಹೆಸರು ಬಂದಿತು. 2006ರಿಂದ ಹಾರುತ್ತಿರುವ ಇಂಡಿಗೋ ಬಹುಕಾಲ ಇಂಥ ಯೋಜನೆಯ ಗೊಡವೆಗೇ ಹೋಗಿರಲಿಲ್ಲ. ಅದು 2024ರಲ್ಲಿ 'ಬ್ಲೂಚಿಪ್' ಆರಂಭಿಸಿತು.

ಕಿಂಗ್‌ಫಿಷರ್ ಕಲಿಸಿದ ಪಾಠ

ಮೈಲುಗಳು ಹಟ್ಟಿಯ ಗಣಿಯ ಚಿನ್ನವಲ್ಲ, ಪೆಟ್ಟಿಗೆಯಲ್ಲಿಟ್ಟು ನಿಶ್ಚಿಂತೆಯಿಂದ ಇರಲು. ಕನ್ನಡಿಗರಿಗೆ ಇದನ್ನು ಮನಗಾಣಿಸಿದ್ದು ಬೆಂಗಳೂರಿನದೇ ಆದ ಕಿಂಗ್‌ಫಿಷರ್. 2005ರ ಮೇ ತಿಂಗಳಲ್ಲಿ ವೈಭವದಿಂದ ಹಾರಾಟ ಆರಂಭಿಸಿದ ಈ ಸಂಸ್ಥೆ 'ಕಿಂಗ್ ಕ್ಲಬ್' ಎಂಬ ಯೋಜನೆಯಡಿ ಮೈಲು ಹಂಚಿತು. 'ಒನ್‌ವರ್ಲ್ಡ್' ಎಂಬ ಅಂತಾರಾಷ್ಟ್ರೀಯ ಒಕ್ಕೂಟಕ್ಕೆ ಸೇರುವ ಸಿದ್ಧತೆಯೂ ನಡೆದಿತ್ತು. 2012ರ ಫೆಬ್ರವರಿಯಲ್ಲಿ ಆ ಸೇರ್ಪಡೆ ಮುಂದಕ್ಕೆ ಹೋಯಿತು, ಅಕ್ಟೋಬರ್‌ನಲ್ಲಿ ಹಾರಾಟವೇ ನಿಂತಿತು. ಹಾರುವ ವಿಮಾನವೇ ಇಲ್ಲದ ಮೇಲೆ ಮೈಲು ಇದ್ದರೇನು?

2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ನಿಂತಾಗ ಸ್ಥಿತಿ ತುಸು ಬೇರೆಯಾಗಿತ್ತು. ಅದರ 'ಜೆಟ್‌ಪ್ರಿವಿಲೇಜ್' ಯೋಜನೆ ಪ್ರತ್ಯೇಕ ಕಂಪನಿಯ ಕೈಯಲ್ಲಿದ್ದು, ಅದರಲ್ಲಿ ಎತಿಹಾದ್ ಸಂಸ್ಥೆ ದೊಡ್ಡ ಪಾಲುದಾರನಾಗಿತ್ತು. ಆದ್ದರಿಂದ ಮೈಲುಗಳು ಒಮ್ಮೆಲೇ ಮಾಯವಾಗಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ 'ಇಂಟರ್‌ಮೈಲ್ಸ್' ಎಂದು ಹೆಸರು ಬದಲಿಸಿಕೊಂಡು ಯೋಜನೆ ಮುಂದುವರಿಯಿತು. ಆದರೆ ಜೆಟ್ ವಿಮಾನಕ್ಕೆಂದು ಕೂಡಿಟ್ಟವರಿಗೆ ಆ ವಿಮಾನ ಸಿಗಲಿಲ್ಲ.

ಸಂಸ್ಥೆ ಮುಳುಗಲೇಬೇಕೆಂದಿಲ್ಲ. ಬಹುತೇಕ ಯೋಜನೆಗಳ ನಿಯಮಾವಳಿಯಲ್ಲಿ 'ಮೈಲು ಸದಸ್ಯನ ಆಸ್ತಿಯಲ್ಲ, ನಿಯಮಗಳನ್ನು ಬದಲಿಸುವ ಹಕ್ಕು ಸಂಸ್ಥೆಯದು' ಎಂಬರ್ಥದ ಮಾತು ಇದ್ದೇ ಇರುತ್ತದೆ. ಯಾವ ಊರಿಗೆ ಎಷ್ಟು ಮೈಲು ಎಂಬ ಪಟ್ಟಿಯನ್ನು ಡೆಲ್ಟಾ ಸಂಸ್ಥೆ 2015ರಲ್ಲಿಯೂ, ತನ್ನದೇ ವಿಮಾನಗಳ ಮಟ್ಟಿಗೆ ಯುನೈಟೆಡ್ ಸಂಸ್ಥೆ 2019ರಲ್ಲಿಯೂ ಕೈಬಿಟ್ಟವು. ಮಸ್ಕಿಯಲ್ಲಿ ಅಶೋಕ ಬರೆಸಿದ ಮಾತು ಎರಡು ಸಾವಿರ ವರ್ಷ ದಾಟಿಯೂ ಬಂಡೆಯ ಮೇಲಿದೆ. ವಿಮಾನ ಸಂಸ್ಥೆಯ ಮಾತು ಅಂಥದ್ದಲ್ಲ.

ಗಡುವಿನ ಪ್ರಶ್ನೆಯೂ ಇದೆ. ಯುನೈಟೆಡ್ ಮತ್ತು ಡೆಲ್ಟಾ ಮೈಲುಗಳಿಗೆ ಗಡುವಿಲ್ಲ. ಅಮೆರಿಕನ್ ಮೈಲುಗಳು 24 ತಿಂಗಳು ಖಾತೆಯಲ್ಲಿ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಸಾಯುತ್ತವೆ. ಸಿಂಗಪುರ ಏರ್‌ಲೈನ್ಸಿನ ಮೈಲುಗಳಿಗೆ ಸಾಮಾನ್ಯವಾಗಿ ಮೂರು ವರ್ಷದ ಆಯಸ್ಸು. ನಿಮ್ಮ ಖಾತೆಯ ಗಡುವು ಯಾವುದೆಂದು ಇಂದೇ ನೋಡಿಕೊಳ್ಳುವುದು ಮೊದಲ ಕೆಲಸ.

ಕಾಲುವೆಯ ಕೊನೆ ಭಾಗದ ನೀರು

'ವಿಮಾನದಲ್ಲಿ ಸೀಟು ಖಾಲಿ ಇದೆ, ಆದರೂ ಮೈಲಿನಲ್ಲಿ ಟಿಕೆಟ್ ಕೊಡುವುದಿಲ್ಲ' ಎಂಬುದು ಎಲ್ಲೆಡೆ ಕೇಳಿಬರುವ ದೂರು. ತುಂಗಭದ್ರಾ ಎಡದಂಡೆ ಕಾಲುವೆಯನ್ನು ಬಲ್ಲವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಮೇಲ್ಭಾಗದ ಗದ್ದೆಗಳು ಕುಡಿದು ಮಿಕ್ಕಿದ ನೀರು ಮಾತ್ರ ಕೊನೆ ಭಾಗಕ್ಕೆ ಬರುತ್ತದೆ. ನಗದು ಕೊಡುವ ಪ್ರಯಾಣಿಕ ಮೇಲ್ಭಾಗದವನು, ಮೈಲು ಹಿಡಿದು ಬಂದವನು ಕೊನೆ ಭಾಗದವನು. ಹಣಕ್ಕೆ ಮಾರಾಟವಾಗಲಾರದು ಎಂದು ಸಂಸ್ಥೆ ಅಂದಾಜಿಸಿದ ಸೀಟುಗಳಷ್ಟೇ ಅವಾರ್ಡ್ ಸೀಟುಗಳಾಗುತ್ತವೆ.

ಆದ್ದರಿಂದಲೇ ಅವು ಎರಡು ಕಾಲದಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಮೊದಲನೆಯದು, ಬುಕಿಂಗ್ ತೆರೆದ ಹೊಸತರಲ್ಲಿ, ಅಂದರೆ ಪ್ರಯಾಣಕ್ಕೆ ಸುಮಾರು 11 ತಿಂಗಳು ಮುಂಚೆ. ಎರಡನೆಯದು, ಹೊರಡಲು ಎರಡು ವಾರ ಉಳಿದಾಗ. ಡಿಸೆಂಬರ್ ರಜೆ ಮತ್ತು ಅಮೆರಿಕದ ಶಾಲೆಗಳ ಬೇಸಿಗೆ ರಜೆಯಲ್ಲಿ ಅವು ದುರ್ಲಭ. ಫೆಬ್ರವರಿ, ಸೆಪ್ಟೆಂಬರ್‌ನಂಥ ತಿಂಗಳಲ್ಲಿ ತಕ್ಕಮಟ್ಟಿಗೆ ಸಿಗುತ್ತವೆ.

ಒಕ್ಕೂಟದ ಉಪಯೋಗ

ಒಂದು ಸಂಸ್ಥೆಯ ಮೈಲಿನಿಂದ ಇನ್ನೊಂದು ಸಂಸ್ಥೆಯ ವಿಮಾನ ಹತ್ತಬಹುದು ಎಂಬುದು ಬಹಳ ಜನಕ್ಕೆ ತಿಳಿಯದು. ಜಗತ್ತಿನಲ್ಲಿ ಮೂರು ದೊಡ್ಡ ಒಕ್ಕೂಟಗಳಿವೆ: 1997ರಲ್ಲಿ ಹುಟ್ಟಿದ ಸ್ಟಾರ್ ಅಲಯನ್ಸ್, 1999ರ ಒನ್‌ವರ್ಲ್ಡ್ ಮತ್ತು 2000ದ ಸ್ಕೈಟೀಮ್. ಏರ್ ಇಂಡಿಯಾ 2014ರ ಜುಲೈ 11ರಂದು ಸ್ಟಾರ್ ಅಲಯನ್ಸ್ ಸೇರಿತು. ಲುಫ್ತಾನ್ಸಾ, ಯುನೈಟೆಡ್, ಏರ್ ಕೆನಡಾ, ಸಿಂಗಪುರ ಏರ್‌ಲೈನ್ಸ್‌ಗಳೂ ಅದರ ಸದಸ್ಯರು. ಹೀಗಾಗಿ ಅಮೆರಿಕದ ಮಗನ ಯುನೈಟೆಡ್ ಮೈಲುಗಳಿಂದ ಸಿಂಧನೂರಿನ ತಾಯಿಗೆ ಲುಫ್ತಾನ್ಸಾ ಅಥವಾ ಏರ್ ಇಂಡಿಯಾ ವಿಮಾನದ ಸೀಟು ಪಡೆಯಬಹುದು.

ಆದರೆ ಸಣ್ಣ ನಿಲ್ದಾಣಗಳಿಗೆ ಹಾರುವ ಪ್ರಾದೇಶಿಕ ಸಂಸ್ಥೆಗಳು ಈ ಒಕ್ಕೂಟಗಳಲ್ಲಿಲ್ಲ. ಆದ್ದರಿಂದ ಈ ಮೂರು ಊರುಗಳವರ ಅವಾರ್ಡ್ ಪ್ರಯಾಣ ಹೈದರಾಬಾದಿನ ಶಂಷಾಬಾದಿನಿಂದಲೋ ಬೆಂಗಳೂರಿನ ದೇವನಹಳ್ಳಿಯಿಂದಲೋ ಆರಂಭವಾಗುತ್ತದೆ. ಹುಡುಕುವಾಗ ಎರಡೂ ನಿಲ್ದಾಣಗಳನ್ನು ಹಾಕಿ ನೋಡಬೇಕು. ಒಂದರಲ್ಲಿ ಇಲ್ಲದ ಸೀಟು ಇನ್ನೊಂದರಲ್ಲಿ ಇರಬಹುದು.

ಲೆಕ್ಕ ಹೀಗೆ ಹಾಕಿ

ಅವಾರ್ಡ್ ಟಿಕೆಟ್ ಪೂರ್ತಿ ಉಚಿತವಲ್ಲ. ತೆರಿಗೆ ಮತ್ತು ಶುಲ್ಕಗಳನ್ನು ನಗದಿನಲ್ಲೇ ಕಟ್ಟಬೇಕು. ಕೆಲವು ಯೋಜನೆಗಳು ಇದರ ಮೇಲೆ ಇಂಧನ ಸರ್‌ಚಾರ್ಜನ್ನೂ ಹೇರುತ್ತವೆ, ಅದೇ ಹತ್ತಾರು ಸಾವಿರ ರೂಪಾಯಿ ಆಗುವುದುಂಟು. ಆದ್ದರಿಂದ ಹಣದ ದರದಿಂದ ಈ ಶುಲ್ಕವನ್ನು ಕಳೆದು, ಉಳಿದದ್ದನ್ನು ಕೇಳಿದ ಮೈಲುಗಳಿಂದ ಭಾಗಿಸಿ.

ಉದಾಹರಣೆಗೆ, ಟಿಕೆಟ್ ದರ 60,000 ರೂಪಾಯಿ ಎಂದುಕೊಳ್ಳಿ. ಮೈಲಿನಲ್ಲಾದರೆ 35,000 ಮೈಲು ಮತ್ತು 11,000 ರೂಪಾಯಿ. ಉಳಿಯುವುದು 49,000 ರೂಪಾಯಿ, ಅಂದರೆ ಮೈಲಿಗೊಂದಕ್ಕೆ 1 ರೂಪಾಯಿ 40 ಪೈಸೆ ಸಿಕ್ಕಂತಾಯಿತು. ಇನ್ನೊಂದೆಡೆ 5,000 ರೂಪಾಯಿಯ ದೇಶೀಯ ಟಿಕೆಟ್ಟಿಗೆ 8,000 ಮೈಲು ಮತ್ತು 1,000 ರೂಪಾಯಿ ಕೇಳಿದರೆ ಸಿಕ್ಕುವುದು 50 ಪೈಸೆ ಮಾತ್ರ. ಎರಡನೆಯದಕ್ಕೆ ಹಣ ಕೊಟ್ಟು, ಮೈಲುಗಳನ್ನು ಮೊದಲನೆಯದಕ್ಕೆ ಬಳಸುವುದು ಜಾಣತನ.

ಕಾಯ್ದಿರಿಸುವ ಕ್ರಮ

1. ಮೊದಲು ಸೀಟು ಹುಡುಕಿ, ಆಮೇಲೆ ಮೈಲು ಹೊಂದಿಸಿ. ಯುನೈಟೆಡ್ ಅಥವಾ ಏರ್ ಕೆನಡಾದ ವೆಬ್‌ಸೈಟಿನಲ್ಲಿ ಉಚಿತ ಖಾತೆ ತೆರೆದರೆ ಸ್ಟಾರ್ ಅಲಯನ್ಸಿನ ಅನೇಕ ಸಂಸ್ಥೆಗಳ ಅವಾರ್ಡ್ ಸೀಟುಗಳನ್ನು ನೋಡಬಹುದು.

2. ಪರದೆಯ ಮೇಲೆ ಕಂಡ ಸೀಟು ಕೆಲವೊಮ್ಮೆ ನಿಜವಾಗಿ ಇರುವುದಿಲ್ಲ. ಬ್ಯಾಂಕ್ ಕಾರ್ಡಿನ ಅಂಕಗಳನ್ನು ಮೈಲುಗಳಾಗಿ ಪರಿವರ್ತಿಸುವ ಮುನ್ನ ಸಂಸ್ಥೆಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಒಮ್ಮೆ ಪರಿವರ್ತಿಸಿದರೆ ಅವು ಸಾಮಾನ್ಯವಾಗಿ ಬ್ಯಾಂಕಿಗೆ ಮರಳುವುದಿಲ್ಲ.

3. ಯಾರ ಹೆಸರಿಗೆ ಟಿಕೆಟ್ ಪಡೆಯಬಹುದು ಎಂಬ ನಿಯಮ ನೋಡಿ. ಯುನೈಟೆಡ್‌ನಲ್ಲಿ ಯಾರಿಗಾದರೂ ಪಡೆಯಬಹುದು. ಸಿಂಗಪುರ ಏರ್‌ಲೈನ್ಸಿನಲ್ಲಿ ಮೊದಲೇ ಹೆಸರು ನೋಂದಾಯಿಸಿದ ಐವರಿಗೆ ಮಾತ್ರ.

4. ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಲಿ. ನಮ್ಮ ಕಡೆಯ ಹಿರಿಯರ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಇರುವುದು ಸಾಮಾನ್ಯ. ಅಂಥವರ ಹೆಸರನ್ನು ಹೇಗೆ ತುಂಬಬೇಕೆಂದು ಸಂಸ್ಥೆಯನ್ನೇ ಕೇಳಿ. ಟಿಕೆಟ್ಟನ್ನು ಬೇರೊಬ್ಬರ ಹೆಸರಿಗೆ ಬದಲಿಸಲಾಗದು.

5. ಇಡೀ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿರಲಿ. ಹೈದರಾಬಾದಿನಿಂದ ದೆಹಲಿಗೆ ಒಂದು, ಅಲ್ಲಿಂದ ಮುಂದಕ್ಕೆ ಇನ್ನೊಂದು ಎಂದು ತುಂಡು ಮಾಡಿದರೆ, ಮೊದಲ ವಿಮಾನ ತಡವಾದಾಗ ಎರಡನೆಯ ಸಂಸ್ಥೆ ಹೊಣೆ ಹೊರುವುದಿಲ್ಲ. ಇಂಗ್ಲಿಷ್ ಬಾರದ ವೃದ್ಧರು ಅಪರಿಚಿತ ನಿಲ್ದಾಣದಲ್ಲಿ ಲಗೇಜಿನೊಡನೆ ನಿಲ್ಲಬೇಕಾದೀತು.

6. ದಾರಿಯ ದೇಶದ ವೀಸಾ ಬೇಕೇ ನೋಡಿ. ಕೆನಡಾ ಮೂಲಕ ಹೋಗುವ ಭಾರತೀಯರಿಗೆ ಸಾಮಾನ್ಯವಾಗಿ ಅಲ್ಲಿನ ಟ್ರಾನ್ಸಿಟ್ ವೀಸಾ ಬೇಕಾಗುತ್ತದೆ.

'ಕಡಿಮೆ ದರಕ್ಕೆ ಮೈಲು ಟಿಕೆಟ್ ಮಾಡಿಕೊಡುತ್ತೇವೆ' ಎನ್ನುವ ಮಧ್ಯವರ್ತಿಗಳಿಂದ ದೂರವಿರಿ. ಬೇರೆಯವರ ಮೈಲುಗಳನ್ನು ಹಣಕ್ಕೆ ಕೊಳ್ಳುವುದು ಯೋಜನೆಗಳ ನಿಯಮಕ್ಕೆ ವಿರುದ್ಧ. ಗೊತ್ತಾದರೆ ಸಂಸ್ಥೆ ಟಿಕೆಟ್ಟನ್ನೇ ರದ್ದು ಮಾಡಬಹುದು.

ನಿಜವಾಗಿ ಒದಗುವುದು ಯಾವಾಗ?

ಎರಡು ಸಂದರ್ಭಗಳಲ್ಲಿ ಮೈಲು ಹಣಕ್ಕಿಂತ ಹೆಚ್ಚು ಉಪಕಾರಿ. ಮೊದಲನೆಯದು ಹಿರಿಯರ ಪ್ರವಾಸ. ಅಮೆರಿಕಕ್ಕೆ ಹೋದ ತಂದೆ ತಾಯಿಗೆ ಅಲ್ಲಿ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಅನುಮತಿ ಸಿಗುತ್ತದೆ. ಆದರೆ ಯಾವಾಗ ಮರಳುವರೆಂದು ಹೇಳಲಾಗದು. ಚಳಿ ತಡೆಯದೆ ಎರಡೇ ತಿಂಗಳಿಗೆ 'ಊರಿಗೆ ಕಳಿಸಪ್ಪ' ಎನ್ನುವವರೂ ಉಂಟು. ಹಣ ಕೊಟ್ಟು ಒಂದು ಕಡೆಯ ಅಂತಾರಾಷ್ಟ್ರೀಯ ಟಿಕೆಟ್ ಕೊಳ್ಳುವುದು ಅನೇಕ ವೇಳೆ ದುಬಾರಿ. ಹೆಚ್ಚಿನ ಮೈಲು ಯೋಜನೆಗಳಲ್ಲಿ ಒಂದು ಕಡೆಗೆ ಬೇಕಾಗುವುದು ಹೋಗಿಬರುವುದರ ಅರ್ಧ ಮಾತ್ರ. ಅಮೆರಿಕನ್ ಮತ್ತು ಯುನೈಟೆಡ್ ಸಂಸ್ಥೆಗಳು 2020ರಿಂದೀಚೆಗೆ ಬಹುಪಾಲು ಅವಾರ್ಡ್ ಟಿಕೆಟ್ಟುಗಳ ರದ್ದತಿ ಶುಲ್ಕವನ್ನೂ ಬಿಟ್ಟಿವೆ. ತಾರೀಖು ಬದಲಾದರೆ ಮೈಲುಗಳು ಖಾತೆಗೆ ಮರಳುತ್ತವೆ.

ಎರಡನೆಯದು, ಯಾರೂ ಬಯಸದ ಸಂದರ್ಭ. ನಡುರಾತ್ರಿ ಊರಿನಿಂದ ಕರೆ ಬರುತ್ತದೆ. ತಂದೆ ಆಸ್ಪತ್ರೆಯಲ್ಲಿದ್ದಾರೆ, ಅಥವಾ ಇನ್ನಿಲ್ಲ. ನಾಳೆಯ ವಿಮಾನದ ದರ ಎರಡು ಮೂರು ಪಟ್ಟು ಏರಿರುತ್ತದೆ. ಮೈಲಿನ ಪಟ್ಟಿ ಉಳಿಸಿಕೊಂಡ ಯೋಜನೆಗಳಲ್ಲಿ ಹೊರಡುವ ದಿನ ಹತ್ತಿರವಾಯಿತೆಂದು ಬೆಲೆ ಏರುವುದಿಲ್ಲ. ಕೊನೆಯ ದಿನಗಳಲ್ಲಿ ಖಾಲಿ ಉಳಿದ ಸೀಟುಗಳು ಹೊರಬೀಳುವುದೂ ಆಗಲೇ. ಮಗ ಮಣ್ಣಿಗೆ ಬರುವನೋ ಇಲ್ಲವೋ ಎಂದು ಮನೆ ಮಂದಿ ಕಾಯುತ್ತಿರುವಾಗ ಖಾತೆಯಲ್ಲಿರುವ ಮೈಲುಗಳಿಗೆ ಯಾವ ಲೆಕ್ಕದಲ್ಲೂ ಹಿಡಿಸದ ಬೆಲೆ ಬರುತ್ತದೆ.

ಆದ್ದರಿಂದ ಹೊರದೇಶದಲ್ಲಿರುವ ಮಕ್ಕಳು ಪಾಲಿಸಬಹುದಾದ ಸೂತ್ರವಿಷ್ಟು. ಗಡುವಿಲ್ಲದ ಖಾತೆಯಲ್ಲೋ ಬ್ಯಾಂಕ್ ಕಾರ್ಡಿನಲ್ಲೋ ಊರಿಗೆ ಬರುವ ಒಂದು ಟಿಕೆಟ್ಟಿನಷ್ಟು ಸದಾ ಮೀಸಲಿಡಿ. ಅದಕ್ಕಿಂತ ಹೆಚ್ಚಾದದ್ದನ್ನು ವರ್ಷದೊಳಗೆ ಬಳಸಿ, ಸಾಧ್ಯವಾದರೆ ಅಪ್ಪ ಅಮ್ಮನ ಪ್ರಯಾಣಕ್ಕೆ. ಮನೆಗೆ ಬೇಕಾದಷ್ಟು ಕಾಳು ತೆಗೆದಿಟ್ಟು ಉಳಿದದ್ದನ್ನು ಮಾರುಕಟ್ಟೆಗೆ ಕಳಿಸುವ ರೈತನ ಲೆಕ್ಕವೂ ಇದೇ.