ಪ್ರೊಜೆಕ್ಟರ್ ಪರದೆ: ಹಗಲಿಗೊಂದು, ರಾತ್ರಿಗೊಂದು ಹೊಂದಾಣಿಕೆ

ಗದಗ: ಮನೆಗೆ ತಂದ ಪ್ರೊಜೆಕ್ಟರಿನಲ್ಲಿ ಹಗಲಿನ ಕ್ರಿಕೆಟ್ ಪಂದ್ಯ ಸೊಗಸಾಗಿ ಕಾಣುತ್ತದೆ. ಅದೇ ರಾತ್ರಿ ಚಲನಚಿತ್ರ ಹಾಕಿದರೆ ಮುಖಗಳು ಬಿಳಿಚಿಕೊಳ್ಳುತ್ತವೆ. ಹೆಚ್ಚಿನ ವೇಳೆ ದೋಷ ಯಂತ್ರದ್ದಲ್ಲ. ಬೆಳಕಿನ ಕೋಣೆಗೆಂದು ರೂಪಿಸಿದ ‘ಡೈನಮಿಕ್’ ವಿಧಾನವನ್ನೇ ಕತ್ತಲಲ್ಲೂ ಬಳಸುವುದು ಇದಕ್ಕೆ ಕಾರಣ.

ಗದಗ-ಬೆಟಗೇರಿ ಅವಳಿ ನಗರವಿರಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿರಲಿ, ಬಯಲುಸೀಮೆಯ ಬಿಸಿಲು ಒಳನುಗ್ಗುವ ಮನೆಗೆ ಎರಡು ಹೊಂದಾಣಿಕೆಗಳು ಅಗತ್ಯ.

ರಾತ್ರಿಯ ಹೊಂದಾಣಿಕೆಗೆ ದೀಪಗಳನ್ನು ಆರಿಸಿ, ಯಂತ್ರವನ್ನು ಅರ್ಧ ಗಂಟೆ ಓಡಲು ಬಿಟ್ಟು ‘ಸಿನಿಮಾ’ ವಿಧಾನ ಆರಿಸಿಕೊಳ್ಳಬೇಕು. ‘ಬ್ರೈಟ್‌ನೆಸ್’ ನಿರ್ಧರಿಸುವುದು ಕಪ್ಪಿನ ಮಟ್ಟವನ್ನು. ಕಪ್ಪು ಕೂದಲಿನ ಎಳೆಗಳು ಅಳಿಸಿಹೋಗದಷ್ಟೇ ಅದನ್ನು ಇಳಿಸಬೇಕು. ‘ಕಾಂಟ್ರಾಸ್ಟ್’ ಬಿಳಿಯನ್ನು ನಿರ್ಧರಿಸುತ್ತದೆ. ಬಿಳಿ ಧೋತರದ ನೆರಿಗೆಗಳು ಮಾಯವಾಗದಷ್ಟೇ ಏರಿಸಬೇಕು. ವರ್ಣತಾಪ 6,500 ಕೆಲ್ವಿನ್ ಸಮೀಪವಿರಬೇಕು. ಪರೀಕ್ಷೆಗೆ ‘ಸಂಸ್ಕಾರ’ದಂತಹ (1970) ಕಪ್ಪು-ಬಿಳುಪು ಚಿತ್ರ ಸಾಕು. ಬೂದು ಬಣ್ಣ ನೀಲಿಯತ್ತ ವಾಲಿದರೆ ವರ್ಣತಾಪ ಹೆಚ್ಚಾಗಿದೆ, ಕೆಂಪತ್ತ ವಾಲಿದರೆ ಕಡಿಮೆಯಾಗಿದೆ ಎಂದರ್ಥ.

ಬಳಿಕ ಇದನ್ನು ಮೆನುವಿನಲ್ಲಿ ‘ಯೂಸರ್ 1’ ಎಂದೂ, ಹಗಲಿನದನ್ನು ‘ಯೂಸರ್ 2’ ಎಂದೂ ಉಳಿಸಬೇಕು. ಕೆಲವು ಮಾದರಿಗಳಲ್ಲಿ ಉಳಿಸದೆ ವಿಧಾನ ಬದಲಿಸಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಇನ್ನು ಕೆಲವು ಸೆಟ್‌ಟಾಪ್ ಬಾಕ್ಸ್ ಹಾಗೂ ಡಿಸ್ಕ್ ಪ್ಲೇಯರ್‌ಗಳಿಗೆ ಪ್ರತ್ಯೇಕ ನೆನಪು ಇಟ್ಟುಕೊಳ್ಳುತ್ತವೆ. ‘ರೀಸೆಟ್’ ಒತ್ತಿದರೆ ಎಲ್ಲವೂ ಅಳಿಸಿಹೋಗಬಹುದಾದ ಕಾರಣ ಅಂಕಿಗಳನ್ನು ಕಾಗದದಲ್ಲಿ ಬರೆದಿಡುವುದು ಲೇಸು.

ಪ್ರೊಜೆಕ್ಟರಿನ ದೀಪದ ಪ್ರಕಾಶ ಗಂಟೆಗಳು ಉರುಳಿದಂತೆ ಕುಗ್ಗುತ್ತದೆ. ಚಿತ್ರ ಮಂಕಾಯಿತೆಂದು ಹೊಸ ದೀಪಕ್ಕೆ ಹಣ ತೆರುವ ಮುನ್ನ ಒಮ್ಮೆ ಹೊಂದಾಣಿಕೆಯನ್ನು ಪರಿಶೀಲಿಸುವುದು ಜಾಣತನ.